ಹುಲ್ಲಿನ ಮೇಲಿಳಿದ ಬುಟ್ಟಿ

ನಿನ್ನ ಹೊಸ ಮನೆ,
ಮಂಗಳವಾರ, ಬಿಸಿಲೇರುವ ಹೊತ್ತು

ಪ್ರೀತಿಯ ಅಳಿಯರಾಯನಿಗೆ ಸೋದರಮಾವನ ಆಶೀರ್ವಾದ.

ಬೆನ್ನುನೋವು ಇಳಿಯಿತೇ? ಸೇತುವೆ ಕೆಲಸದ ಭರದಲ್ಲಿ ಊಟ ಬಿಡಬೇಡ. ನಾನು ಗುಂಡುಕಲ್ಲಿನಂತಿದ್ದೇನೆ. ನಮ್ಮ ಊರಿನ ಶಾಲೆಯಲ್ಲಿ ಏಳನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದ ಗಂಡು ನಾನೊಬ್ಬನೇ. ಹಾಗಾಗಿ ಇಲ್ಲಿ ಕಾಗುಣಿತ ತಪ್ಪಿದ್ದರೆ ಅದು ಪೆನ್ನಿನ ತಪ್ಪು.

ಮನೆ ಅರಮನೆಯೇ, ಸುಳ್ಳೇಕೆ ಹೇಳಲಿ. ಕಾರಿಗೇ ಒಂದು ಕೋಣೆ! ನಮ್ಮ ಹೆಡ್‌ಮೇಷ್ಟರೂ ಅಷ್ಟು ದೊಡ್ಡ ಕೋಣೆಯಲ್ಲಿ ಮಲಗಿದವರಲ್ಲ. ಬಂದ ಮರುದಿನ ಒಂದು ಬೆಂಕಿಪೊಟ್ಟಣ ತರೋಣವೆಂದು ಹೊರಟೆ. ಗೇಟು, ಗೋಡೆ, ಮತ್ತೆ ಗೇಟು, ಮತ್ತೆ ಗೋಡೆ. ಅಂಗಡಿ ಹಾಳಾಗಲಿ, ಕಾಲಿಡಲು ರಸ್ತೆಯ ಅಂಚೂ ಇಲ್ಲ. ಕಾವಲುಗಾರ ಓಡಿಬಂದು, "ಗಾಡಿ ಎಲ್ಲಿ ಕೆಟ್ಟೋಯ್ತು ಯಜಮಾನ್ರೇ?" ಅಂದ. "ನಂದು ಎರಡು ಕಾಲಿನ ಗಾಡಿ ಕಣಯ್ಯಾ, ಇನ್ನೂ ಕೆಟ್ಟಿಲ್ಲ" ಅಂದೆ. ನಗಲಿಲ್ಲ ಪುಣ್ಯಾತ್ಮ. ಅಂಗಡಿ ಹೆದ್ದಾರಿಯ ಆಚೆಯಂತೆ, ಕಾರಿನಲ್ಲೇ ಹೋಗಬೇಕಂತೆ. ಒಂದು ಕಡ್ಡಿ ಗೀರುವುದಕ್ಕೆ ಕಾರು!

ಆದರೆ ಅದು ಏನೂ ಅಲ್ಲ. ವಾಪಸು ಬಂದಾಗ ಮಹಡಿಯ ಕಂಬಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿದು ಹುಲ್ಲಿನ ಮೇಲೆ ಕೂತಿತ್ತು. ಗುರುತು ಸಿಕ್ಕಿತು. ಬೇಕರಿ ಮೇಲಿನ ಹಳೇ ಕೋಣೆಯಿಂದ ನಿನ್ನಮ್ಮ ಬೀದಿಗೆ ಇಳಿಸುತ್ತಿದ್ದಳಲ್ಲ, ಅದೇ ಬುಟ್ಟಿ. ಕೆಳಗಿನಿಂದ "ಹೊಲಿಗೆಯಕ್ಕಾ!" ಎಂದು ಕೂಗಿ, ಗುಂಡಿ ಕಿತ್ತ ಅಂಗಿ ಹಾಕಿ ಹೋಗುತ್ತಿದ್ದರು. ಅಂಗಿಯ ಜೊತೆ ಬೀದಿಯ ಸುದ್ದಿಯೆಲ್ಲ ಮೇಲಕ್ಕೆ ಹತ್ತುತ್ತಿತ್ತು. "ಏನಕ್ಕಾ, ಇಲ್ಲಿ ಗುಬ್ಬಚ್ಚಿಗೆ ಚಡ್ಡಿ ಹೊಲೀತೀಯಾ?" ಎಂದು ರೇಗಿಸಿದೆ. "ಸುಮ್ನಿರೋ ತುಂಟ. ಯಾರಾದ್ರೂ ನಡ್ಕೊಂಡು ಬಂದ್ರೆ ಇರ್ಲಿ ಅಂತ" ಅಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಸೊಸೆಯನ್ನು, ಅದೇ ನಿನ್ನ ಹೆಂಡತಿಯನ್ನು, ಕೇಳಿದೆ. ಈ ಮನೆಗೆ ಬಂದಾಗಿನಿಂದ ಹೀಗೇ ಅಂತೆ. ಅಕ್ಕ ಬೆಳಿಗ್ಗೆ ಬುಟ್ಟಿ ಇಳಿಸುತ್ತಾಳೆ, ಸಂಜೆ ಎಳೆದುಕೊಂಡು ಒಳಗೆ ಕೈಯಾಡಿಸಿ ನೋಡುತ್ತಾಳೆ. ಹೇಳುತ್ತ ಹುಡುಗಿ ಅತ್ತಳು. ಹೆಣದ ಮನೆಯಲ್ಲೂ ನಗಿಸಿದವನು ನಾನು, ಎದ್ದು ಬಂದು ಈ ಪತ್ರ ಬರೆಯಲು ಕೂತೆ ಅಳಿಯಾ. ನೀನು ಕೆಟ್ಟವನಲ್ಲ, ಅಮ್ಮ ಮೆಟ್ಟಿಲು ಹತ್ತಿಳಿದು ಸವೆಯಬಾರದೆಂದು ಇಲ್ಲಿಗೆ ಕರೆತಂದೆ. ಆದರೆ ರಜೆಗೆ ಬಂದವನೇ ಬೇಕರಿ ಮೇಲಿನ ಆ ಹಳೇ ಕೋಣೆ ಮಾರುತ್ತೀಯಂತೆ. ಜನರನ್ನು ಹೊಳೆ ದಾಟಿಸುವ ಇಂಜಿನಿಯರು ನೀನು, ಹೆತ್ತವಳನ್ನು ರಸ್ತೆ ದಾಟಿಸಲಾರೆಯಾ? ಯೋಚಿಸು.

ಮೈ ಜೋಪಾನ. ನೂರ್ಕಾಲ ಬಾಳು.

ನಿನ್ನ ಏಕಮಾತ್ರ, ಆದ್ದರಿಂದ ಅತಿಶ್ರೇಷ್ಠ,
ಸೋದರಮಾವ

ಮರೆತದ್ದು (ಗುರುವಾರ): ಈ ಪತ್ರ ಹಾಕಲು ನಿನ್ನ ಬಡಾವಣೆಯಲ್ಲಿ ಒಂದು ಅಂಚೆಡಬ್ಬಿಯೂ ಸಿಗಲಿಲ್ಲ. ಹಳೇ ಬೀದಿಗೇ ಬಂದೆವು. ಹೌದು, ಬಂದೆ‍ವು. ಸೊಸೆಯೇ ಕಾರಿನಲ್ಲಿ ಬಿಟ್ಟಳು. ಬೇಕರಿ ಮೇಲಿನ ಕೋಣೆಯ ಬೀಗ ಬದಲಾಯಿಸಿದ್ದೇನೆ, ಬೀಗದಕೈ ನಿನ್ನಮ್ಮನ ಸೊಂಟದಲ್ಲಿದೆ. ಬೆಳಿಗ್ಗೆ ಬುಟ್ಟಿ ಇಳಿಯಿತು, ನೆಲ ಮುಟ್ಟುವ ಮೊದಲೇ ಔಷಧಿ ಅಂಗಡಿಯವನು ಹರಿದ ಪ್ಯಾಂಟು ತುರುಕಿ, "ಎಲ್ಲಿ ಸತ್ತೋಗಿದ್ಯೇ ಹೊಲಿಗೆಯಕ್ಕಾ?" ಎಂದು ಬೈದ. ನಿನ್ನಮ್ಮ ತಿರುಗಿ ಬೈದದ್ದನ್ನು ಬರೆಯಲಾರೆ, ಓದುವವನು ಮಗ. ರಜೆಗೆ ಇಲ್ಲಿಗೇ ಬಾ. ಕಾರು ತರಬೇಡ, ನಿಲ್ಲಿಸಲು ಜಾಗವಿಲ್ಲ.