ಪಟ್ಟಿಯಲ್ಲಿ ಒಂದೇ ಹೆಸರು

ಸರ್ವರ್ ರೂಮು, ಗಾದಿಗನೂರು ರಸ್ತೆ
ಶನಿವಾರ, ಮಧ್ಯಾಹ್ನ ಒಂದು ಹತ್ತು

ಕಂಪ್ಲಿಯ ಉಚ್ಚೆಂಗಪ್ಪ ಸರ್ ಅವರಿಗೆ,

ಕೊಟ್ರಬಸಮ್ಮ ಮಾಡುವ ನಮಸ್ಕಾರ. ನಿಮ್ಮ ಮೊಣಕಾಲು ಹೇಗಿದೆ, ನಿಮ್ಮ ಮನೆಯ ಅಮ್ಮನವರ ಕಣ್ಣಿನ ಆಪರೇಷನ್ ಯಾವಾಗ ಎಂದು ಮೊದಲು ಕೇಳಬೇಕಿತ್ತು. ಕೇಳುವುದಿಲ್ಲ. ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ. ಇಳಿದ ಮೇಲೆ ಬರೆಯೋಣ ಅಂತ ನಾಲ್ಕು ದಿನ ಕಾದೆ, ಇಳಿಯಲಿಲ್ಲ. ಹನ್ನೊಂದು ವರ್ಷ ನಿಮ್ಮೆದುರು ದನಿ ಎತ್ತದವಳು ಇವತ್ತು ಎತ್ತುತ್ತಿದ್ದೇನೆ. ಕಾಗದದಲ್ಲಾದ್ದರಿಂದ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಾನು ಕೂತಿರುವುದು ನಿಮ್ಮ ಕುರ್ಚಿಯಲ್ಲೇ. ಬಲಗೈ ಕಡೆಯ ಹಿಡಿ ಇನ್ನೂ ಅಲುಗಾಡುತ್ತದೆ. ಹೊರಗೆ ಏಪ್ರಿಲ್ ಬಿಸಿಲು, ಅದಿರಿನ ಲಾರಿಗಳು, ಕೆಂಪು ಧೂಳು. ಒಳಗೆ ಕಿಟಕಿಯೇ ಇಲ್ಲದ ಈ ರೂಮಿನಲ್ಲಿ ನಾನು ಸ್ವೆಟರ್ ಹಾಕಿಕೊಂಡು ನಡುಗುತ್ತಾ ಕೂತಿದ್ದೇನೆ. ಹೊಸಪೇಟೆಯಿಂದ ಬರುವ ಕಂಪನಿ ಬಸ್ಸಿನಲ್ಲಿ ಈ ಸ್ವೆಟರ್ ನೋಡಿ ನಗದವರಿಲ್ಲ. ಕಸ ಗುಡಿಸುವ ಹುಲುಗಮ್ಮ ಅಂತೂ ದಿನಾ ಕೇಳುತ್ತಾಳೆ, "ಮೇಡಮ್ಮಾರೆ, ನಿಮಗ ಚಳಿಗಾಲ ಮುಗಿಯಾದು ಯಾವಾಗ್ರಿ?" ಅಂತ. ಉತ್ತರ ಗೊತ್ತಿದ್ದರೆ ತಾನೇ ಹೇಳುವುದು.

ಮೊದಲ ದಿನ ನೀವು ನನಗೆ ಪಾಠ ಹೇಳಿದ್ದು ನೆನಪಿದೆಯೇ? ಈ ಆರು ಕಪ್ಪು ಡಬ್ಬಿಗಳ ಮುಂದೆ ನಿಲ್ಲಿಸಿಕೊಂಡು, "ನೋಡವಾ, ಈ ಆರೂ ಸೇರಿ ಒಂದ ಗೋದಾಮು. ಕಾರ್ಖಾನಿ ಕಾಗದ ಪತ್ರ ಎಲ್ಲಾ ಇದ್ರಾಗ ಐತಿ. ಆದ್ರ ಇದಕ್ಕ ಯಾರ ಗುರ್ತೂ ಇಲ್ಲ. ಬಾಗಲಾ ಬಡದವ್ರು ನಮ್ಮೋರು ಹೌದೋ ಅಲ್ಲೋ ಅಂತ ಇನ್ನೊಂದು ಸರ್ವರ್ ಕೇಳಿ ತಿಳ್ಕಂತೈತಿ" ಎಂದಿರಿ. ಗುರುತು ಹೇಳುವ ಆ ಸರ್ವರ್ ಎಲ್ಲಿದೆ, ಅದರ ಜೊತೆ ಮಾತಾಡುವ ಗುಟ್ಟಿನ ಪದ ಯಾವುದು, ಉತ್ತರಕ್ಕೆ ಎಷ್ಟು ಸೆಕೆಂಡು ಕಾಯಬೇಕು, ಇವನ್ನೆಲ್ಲ ಈ ಆರು ಡಬ್ಬಿಗಳ ಗುಂಪಿಗೆ, ಅಂದರೆ ಕ್ಲಸ್ಟರ್‌ಗೆ, ತಿಳಿಸಿಡುವುದೇ ನಮ್ಮ ಕೆಲಸ. ಮೌಸ್ ಹಿಡಿದು ಒತ್ತುವುದು ನಿಮಗೆ ಸೇರುತ್ತಿರಲಿಲ್ಲ. ಆದೇಶ ಟೈಪ್ ಮಾಡಿ ಕಳಿಸುವ ಎಪಿಐ ಮೂಲಕವೇ ಆಗಬೇಕು. "ಅರ್ಜಿ ಕೊಡೋ ಕಿಟಕಿ ಇದ್ದಂಗ ಅದು. ಕೇಳಿದ ನಮೂನ್ಯಾಗ ಬರದು ಕೊಟ್ರ ಆತು ಅಂತೈತಿ, ಇಲ್ಲಾಂದ್ರ ಇಲ್ಲ ಅಂತೈತಿ. ಮಕಾ ನೋಡಿ ಮಣಿ ಹಾಕಾದಿಲ್ಲ." ನಿಮಗೆ ಅದು ಹಿಡಿಸಿದ್ದು ಅದಕ್ಕೇ ಅಂತ ಕಾಣುತ್ತದೆ.

ಒಂದು ಮಾತನ್ನು ಮಾತ್ರ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆಸಿದ್ದಿರಿ. "ಪಟ್ಟಿ ಕಳಸಾಗ ಹುಷಾರವಾ. ಹೊಸಾದು ಒಂದ ಬರದು ಕಳಿಸಿದ್ರ ಇದ್ದದ್ದೆಲ್ಲಾ ಅಳಿಸಿ ಅದೊಂದ ಉಳಿತೈತಿ. ಹಳೇದೂ ಬರಿ, ಹೊಸಾದೂ ಬರಿ." ಆ ರಟ್ಟು ಈಗಲೂ ನನ್ನೆದುರಿಗೆ ಇದೆ. ಓದಿದಾಗಲೆಲ್ಲ ಕಪಾಳಕ್ಕೆ ಹೊಡೆದ ಹಾಗಾಗುತ್ತದೆ.

ಎರಡನೇ ವಾರ ನೀವು ಗೋಡೆ ಕಡೆ ಮುಖ ಮಾಡಿಕೊಂಡು ನಿಮ್ಮ ಪಾಸ್‌ವರ್ಡ್ ಹೇಳಿದಿರಿ. ನನ್ನಂಥ ಗುತ್ತಿಗೆಯವರಿಗೆ ಕ್ಲಸ್ಟರ್‌ನ ಅಧಿಕಾರ ಕೊಡುವಂತಿಲ್ಲ, ಆದರೆ ಕೆಲಸ ಮಾಡುವುದಕ್ಕೆ ಗುತ್ತಿಗೆಯವರೇ ಬೇಕು. "ಮಾಡಾಕಿ ನೀನು, ಹೆಸ್ರು ನಂದು. ಸದ್ಯಕ್ಕ ಹಿಂಗ ನಡೀಲಿ" ಎಂದಿರಿ. ನಿಮ್ಮ ದನಿಯಲ್ಲಿ ನಾಚಿಕೆ ಇತ್ತು, ಅದಕ್ಕೇ ನಾನು ಹೂಂ ಎಂದೆ. ಸದ್ಯಕ್ಕೆ ಎಂದದ್ದು ಹನ್ನೊಂದು ವರ್ಷವಾಯಿತು ಸರ್. ಅಷ್ಟೂ ವರ್ಷ ನಾನು ಬೆಳಿಗ್ಗೆ ಬಂದು ಉಚ್ಚೆಂಗಪ್ಪ ಆಗಿ ಸಂಜೆ ಬಸ್ಸಿಗೆ ಕೊಟ್ರಬಸಮ್ಮ ಆಗಿ ಹೋಗುತ್ತಿದ್ದೆ. ಹೋದ ಅಕ್ಟೋಬರಿನಲ್ಲಿ ನಿಮಗೆ ಶಾಲು ಹೊದಿಸಿ ಕಳಿಸಿದ ಮೇಲಾದರೂ ಇದು ನಿಲ್ಲುತ್ತದೆ ಅಂದುಕೊಂಡಿದ್ದೆ. ಮ್ಯಾನೇಜರ್ ಸಿದ್ದಲಿಂಗೇಶ್ ಕರೆದು, "ಹೊಸ ಆರ್ಡರ್ ಬರೋತನಕ ಅವ್ರ ಹೆಸರಾಗ ನಡಸ್ರಿ ಮೇಡಂ" ಎಂದರು. ನೀವು ಮನೆಗೆ ಹೋದಿರಿ, ನಿಮ್ಮ ಹೆಸರು ಮಾತ್ರ ಇಲ್ಲೇ ಡ್ಯೂಟಿಗೆ ಉಳಿಯಿತು.

ಈ ವರ್ಷ ಕಾಯಂ ಹುದ್ದೆಗೆ ಕರೆದಾಗ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಒಬ್ಬರು ಕ್ಲಸ್ಟರ್‌ನ ದಾಖಲೆಯನ್ನೇ ಮುಂದಿಟ್ಟುಕೊಂಡು ಕೂತಿದ್ದರು. ಯಾರು, ಯಾವಾಗ, ಏನು ಬದಲಾಯಿಸಿದರು ಅನ್ನುವುದೆಲ್ಲ ಅದರಲ್ಲಿ ಬರುತ್ತದಲ್ಲ. "ಇದರಲ್ಲಿ ನಿಮ್ಮ ಹೆಸರು ಒಂದು ಕಡೆಯೂ ಇಲ್ಲವಲ್ಲಮ್ಮ" ಎಂದರು. ಇದೆಲ್ಲ ನಾನೇ ಮಾಡಿದ್ದು ಎಂದಿದ್ದರೆ ಇನ್ನೊಬ್ಬರ ಪಾಸ್‌ವರ್ಡ್ ಬಳಸಿದ್ದಕ್ಕೆ ಅಲ್ಲೇ ಹೊರಗೆ ಹಾಕುತ್ತಿದ್ದರು. ನೀರು ಕುಡಿದು ಎದ್ದು ಬಂದೆ.

ಆಯ್ಕೆಯಾಗಿಲ್ಲ ಅನ್ನುವ ಮೇಲ್ ಬಂದದ್ದು ಏಪ್ರಿಲ್ ಒಂಬತ್ತಕ್ಕೆ, ಊಟದ ಹೊತ್ತಿನಲ್ಲಿ. ಅವತ್ತೇ ಹೊಸ ಗುರುತಿನ ಸರ್ವರ್ ಸೇರಿಸುವ ಕೆಲಸವಿತ್ತು. ಕಾರಣ ಹೇಳಿದರೆ ನೆಪ ಅಂತೀರಿ, ಆದರೂ ಹೇಳಿದ್ದೇನೆ. ಊಟದ ಡಬ್ಬಿ ಹಾಗೇ ಮುಚ್ಚಿಟ್ಟು ಬಂದು ಕೂತೆ, ಪಟ್ಟಿಯಲ್ಲಿ ಹೊಸ ಸರ್ವರ್‌ನ ವಿಳಾಸ ಒಂದನ್ನೇ ಬರೆದೆ, ಕಳಿಸಿದೆ. ಹಳೆಯದು ಅಳಿಸಿಹೋಯಿತು. ಹೊಸದಕ್ಕೆ ನೆಟ್‌ವರ್ಕಿನಲ್ಲಿ ಇನ್ನೂ ದಾರಿಯನ್ನೇ ಬಿಟ್ಟಿರಲಿಲ್ಲ. ಕ್ಲಸ್ಟರ್ ಕೇಳುತ್ತದೆ, ಉತ್ತರ ಕೊಡುವವರಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಯಾರನ್ನೂ ಅದು ನಮ್ಮವರು ಅನ್ನಲಿಲ್ಲ.

ಎರಡು ಗಂಟೆಯ ಪಾಳಿಯವರ ಹಾಜರಿ ಪಟ್ಟಿ ಇದ್ದದ್ದೂ ಇದರಲ್ಲೇ. ಪಟ್ಟಿ ತೆರೆಯದೆ ಸೆಕ್ಯೂರಿಟಿಯವರು ಗೇಟು ತೆರೆಯಲಿಲ್ಲ. ಆ ಉರಿಬಿಸಿಲಿನಲ್ಲಿ ಮುನ್ನೂರು ಜನ ನಲವತ್ತು ನಿಮಿಷ ನಿಂತರು. ನಾನು ಒಳಗೆ ಕೂತು ಹೊಸ ಸರ್ವರ್‌ನಲ್ಲಿ ತಪ್ಪು ಹುಡುಕುತ್ತಿದ್ದೆ. ತಪ್ಪು ನನ್ನದು ಅಂತ ಹೊಳೆಯುವುದಕ್ಕೆ ಅಷ್ಟು ಹೊತ್ತು ಹಿಡಿಯಿತು, ನೋಡಿ. ಹೊಸದಾಗಿ ನಾನೂ ಒಳಗೆ ಹೋಗುವಂತಿರಲಿಲ್ಲ, ಪುಣ್ಯಕ್ಕೆ ಒಮ್ಮೆ ಒಳಗೆ ಬಿಟ್ಟ ಮೇಲೆ ಎಪಿಐ ಕೊಡುವ ಚೀಟಿ, ಅಂದರೆ ಟೋಕನ್, ಒಂದು ಗಂಟೆ ನಡೆಯುತ್ತದೆ. ನಿಮ್ಮ ಹೆಸರಲ್ಲಿ ಮೊದಲೇ ಪಡೆದಿದ್ದ ಟೋಕನ್ ಇನ್ನೂ ಜೀವಂತ ಇತ್ತು. ಅದು ಸಾಯುವ ಮುಂಚೆ ಹಳೆಯ ವಿಳಾಸ ಸೇರಿಸಿದೆ, ಗೇಟು ತೆರೆಯಿತು.

ಮರುದಿನ ಹುಲುಗಮ್ಮ ಪೊರಕೆ ಗೋಡೆಗೆ ಒರಗಿಸಿ ನನ್ನ ಮುಂದೆ ಕೂತಳು. ಗೇಟಿನ ಕಂಬ ಹಿಡಿದುಕೊಂಡೇ ಕುಸಿದಿದ್ದಳಂತೆ. "ಹನ್ನೆರಡು ವರ್ಷ ಆತ್ರಿ ಇಲ್ಲಿ ಕಸ ಹೊಡಿಯಾಕ ಹತ್ತಿ. ಮಷಿನ್ನಿಗೆ ನನ್ನ ಗುರ್ತು ಸಿಗಲಿಲ್ಲಂತ. ಯಾವಾಕಿ ನೀನು ಅಂತಂತ!" ಎಂದು ನಕ್ಕಳು. ನಾನೂ ನಕ್ಕೆ. ನಾನೇ ಮಾಡಿದ್ದು ಅಂತ ಹೇಳುವುದಕ್ಕೆ ನಾಲಗೆ ಏಳಲಿಲ್ಲ ಸರ್. ಈ ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವುದು ಈ ಸಾಲೇ.

ದಾಖಲೆಯಲ್ಲಿ ನಿಮ್ಮ ಹೆಸರೇ ಇತ್ತು, ನೋಟೀಸು ಕಂಪ್ಲಿಗೆ ಬಂತು. ಸಿದ್ದಲಿಂಗೇಶ್ ಅವರು ತಮಗೇನೂ ಗೊತ್ತೇ ಇಲ್ಲ ಎಂದು ಬರೆದುಕೊಟ್ಟರು. ನೀವು ನಿಜ ಹೇಳುತ್ತೀರಿ, ನನ್ನನ್ನು ಕರೆಯುತ್ತಾರೆ ಅಂತ ನಾನು ದಿನಾ ಕಾದೆ. ಹೇಳಿಬಿಡಲಿ ಎಂದೂ ಅನ್ನಿಸುತ್ತಿತ್ತು. ನೀವೇನು ಮಾಡಿದಿರಿ? "ಹಳೆಯ ಪಾಸ್‌ವರ್ಡ್ ನೆನಪಿತ್ತು, ಮನೆಯಲ್ಲಿ ಕೂತು ಬೇಸರಕ್ಕೆ ಒಳಗೆ ಹೊಕ್ಕು ಕೈಯಾಡಿಸಿದೆ, ತಪ್ಪು ನನ್ನದೇ" ಎಂದು ಸಹಿ ಹಾಕಿ ಕಳಿಸಿದಿರಿ. ಕಂಪ್ಲಿಯಿಂದ ಈ ಕ್ಲಸ್ಟರ್‌ಗೆ ದಾರಿಯೇ ಇಲ್ಲ ಅನ್ನುವುದು ನಮ್ಮಿಬ್ಬರಿಗೆ ಗೊತ್ತು. ಅವರಿಗೆ ಅದನ್ನು ನೋಡುವ ಗೊಡವೆಯೂ ಇರಲಿಲ್ಲ.

ಮಂಗಳವಾರ ಮ್ಯಾನೇಜರ್ ಆ ಕಾಗದ ತೋರಿಸಿದರು. "ಮುದುಕ್ರು ಒಪ್ಕಂಡಾರ್ರಿ. ಮುಗೀತಲ್ಲ. ನೀವು ಹಿಂಗ ನಡಸ್ಕಂತ ಹೋಗ್ರಿ" ಎಂದರು. ಆಮೇಲೆ ತಿಳಿಯಿತು, ನಿಮ್ಮ ನಿವೃತ್ತರ ಆಸ್ಪತ್ರೆ ಕಾರ್ಡನ್ನು ತಡೆಹಿಡಿದಿದ್ದಾರೆ. ಅಮ್ಮನವರ ಕಣ್ಣಿನ ಆಪರೇಷನ್ ನಿಂತದ್ದು ಅದಕ್ಕೇ. ಫೋನ್ ಮಾಡಿದರೆ, "ನಂದು ಮುಗದೈತವಾ, ನಿಂದು ನಡೀಬೇಕು. ಸುಮ್ನಿರು" ಎಂದು ಇಟ್ಟುಬಿಟ್ಟಿರಿ.

ಸುಮ್ಮನಿರುವುದು ಹೇಗೆ? ಹನ್ನೊಂದು ವರ್ಷದ ನನ್ನ ಕೆಲಸವೆಲ್ಲ ನಿಮ್ಮ ಹೆಸರಿಗೆ ಹೋಯಿತು, ಹೋಗಲಿ ಅಂದುಕೊಂಡಿದ್ದೆ. ಈ ತಪ್ಪೊಂದು ಅಪ್ಪಟ ನನ್ನದಾಗಿತ್ತು. ಅದನ್ನಾದರೂ ನನಗೆ ಬಿಡಬಾರದಿತ್ತೇ? ನೀವು ನನ್ನನ್ನು ಉಳಿಸಿದಿರಿ ಅಂದುಕೊಂಡಿದ್ದೀರಿ. ಈ ಕಿಟಕಿಯಿಲ್ಲದ ರೂಮಿಗೆ ಹೊರಗಿನಿಂದ ಚಿಲಕ ಹಾಕಿದಿರಿ ಸರ್. ನಾನು ಬಾಯಿ ಬಿಟ್ಟರೆ ನೀವು ಸುಳ್ಳುಗಾರರಾಗುತ್ತೀರಿ, ನನ್ನ ಕೆಲಸವೂ ಹೋಗುತ್ತದೆ. ಬಿಡದಿದ್ದರೆ ಅಮ್ಮನವರ ಕಣ್ಣು ಮಂಜಾಗುತ್ತಲೇ ಇರುತ್ತದೆ, ನಾನು ಉಚ್ಚೆಂಗಪ್ಪನಾಗಿಯೇ ರಿಟೈರ್ ಆಗುತ್ತೇನೆ. ನನ್ನ ಗಂಡ ಮಲ್ಲೇಶ್‌ಗೆ ಹೇಳಿದರೆ, "ಎಲ್ಲಾರಿಗೂ ಒಳ್ಳೇದಾತಲ್ಲ, ಯಾಕ ಕೆದರ್ತಿ?" ಅಂದರು. ಎಲ್ಲರಿಗೂ ಒಳ್ಳೆಯದಾದದ್ದರಲ್ಲಿ ನಿಮ್ಮನ್ನೂ ನನ್ನನ್ನೂ ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈ ಕಾಗದ ಶುರುಮಾಡುವಾಗ ನಿಮ್ಮ ಹೆಸರಲ್ಲಿ ಒಂದು ಟೋಕನ್ ಪಡೆದಿದ್ದೇನೆ. ಎರಡು ಹತ್ತಕ್ಕೆ ಅದು ಮುಗಿಯುತ್ತದೆ. ಪರದೆಯ ಮೇಲೆ ಒಂದು ಅರ್ಜಿ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಕ್ಲಸ್ಟರ್‌ನ ಅಧಿಕಾರ ಯಾರಿಗಿದೆ ಅನ್ನುವ ಪಟ್ಟಿ ಅದು. ಇಲ್ಲಿಯವರೆಗೆ ಅದರಲ್ಲಿ ನಿಮ್ಮ ಹೆಸರೊಂದೇ ಇತ್ತು. ಇವತ್ತು ನನ್ನ ಹೆಸರೊಂದನ್ನೇ ಬರೆದಿದ್ದೇನೆ. ಬರೆದದ್ದಷ್ಟೇ ಉಳಿಯುತ್ತದೆ, ನೀವೇ ಕಲಿಸಿದ್ದು. ಈ ಸಲ ಅದು ಕೈತಪ್ಪಿ ಅಲ್ಲ.

ಎರಡು ಗಂಟೆ ನಾಲ್ಕು ನಿಮಿಷ. ಕಳಿಸಿದೆ. ಆಯಿತು ಅನ್ನುವ ಒಂದು ಸಾಲು ಬಂತು, ಅಷ್ಟೇ. ನಿಮ್ಮ ಹೆಸರಿನಿಂದ ಹೊರಗೆ ಬಂದು ನನ್ನ ಹೆಸರಲ್ಲಿ ಒಳಗೆ ಹೋದೆ. ಕ್ಲಸ್ಟರ್ ಕೇಳಿತು, ಆ ಕಡೆಯ ಸರ್ವರ್ ನಮ್ಮವಳೇ ಎಂದಿತು. ಉತ್ತರಕ್ಕೆ ಕಾಯುವ ಸೆಕೆಂಡುಗಳನ್ನು ಐದರಿಂದ ಆರಕ್ಕೆ ಏರಿಸಿದೆ, ನನ್ನ ಹೆಸರಲ್ಲಿ ಒಂದು ಬದಲಾವಣೆ ಆಗಬೇಕಿತ್ತು, ಬೇರೇನೂ ಬೇಕಿರಲಿಲ್ಲ. ದಾಖಲೆಯ ಕೊನೆಯಲ್ಲಿ, ಬದಲಾಯಿಸಿದವರು ಕೊಟ್ರಬಸಮ್ಮ ಅಂತ ಬಂದಿದೆ. ಸರ್, ನಾನು ಅತ್ತುಬಿಟ್ಟೆ. ಈ ರೂಮಿನ ಚಳಿಗೆ ಕಣ್ಣೀರೂ ತಣ್ಣಗಿರುತ್ತದೆ ಅಂತ ಇವತ್ತು ಗೊತ್ತಾಯಿತು.

ಮ್ಯಾನೇಜರ್‌ಗೆ ಬರೆದ ಕಾಗದದ ನಕಲು ಇದರ ಜೊತೆಗಿದೆ. ಒಂಬತ್ತನೇ ತಾರೀಕಿನ ತಪ್ಪು ನನ್ನದು, ಹನ್ನೊಂದು ವರ್ಷದ ಕೆಲಸವೂ ನನ್ನದು, ಉಚ್ಚೆಂಗಪ್ಪನವರು ನನ್ನನ್ನು ಕಾಯುವುದಕ್ಕೆ ಸುಳ್ಳು ಹೇಳಿದರು, ಅವರ ಆಸ್ಪತ್ರೆ ಕಾರ್ಡು ಕೂಡಲೇ ಬಿಡಿ ಎಂದು ಬರೆದಿದ್ದೇನೆ. ನನ್ನ ಜಾಗಕ್ಕೆ ಯಾರೇ ಬರಲಿ, ಅವರ ಹೆಸರನ್ನು ನಾನೇ ಪಟ್ಟಿಗೆ ಸೇರಿಸಿಕೊಟ್ಟು ಹೋಗುತ್ತೇನೆ, ಅವರಿಗೆ ಇನ್ನೊಬ್ಬರ ಹೆಸರು ಹೊರಿಸಬೇಡಿ ಅಂತಲೂ ಬರೆದಿದ್ದೇನೆ. ಸೋಮವಾರ ಗೇಟಿನಲ್ಲಿ ನನ್ನ ಪಾಸಿಗೆ ಬಾಗಿಲು ತೆರೆಯುತ್ತದೋ ಇಲ್ಲವೋ. ಈಗ ಹೊರಗೆ ಹೋಗಿ ಮೊದಲು ಹುಲುಗಮ್ಮನಿಗೆ ಹೇಳಬೇಕು. ಸ್ವೆಟರ್ ಕಳಚಿ ಕುರ್ಚಿಗೆ ಹಾಕಿದ್ದೇನೆ.

ನಿಮ್ಮ ಹೆಸರು ಇಷ್ಟು ವರ್ಷ ನನ್ನನ್ನು ಸಾಕಿತು. ಒಂದು ಕಲೆ ನಾನೇ ಅಂಟಿಸಿದ್ದೆ, ಅದನ್ನು ಒರೆಸಿ ಈಗ ನಿಮಗೆ ವಾಪಸು ಕಳಿಸುತ್ತಿದ್ದೇನೆ. ಅಮ್ಮನವರ ಕಣ್ಣು ತಿಳಿಯಾಗಲಿ, ನಿಮ್ಮ ಮೊಣಕಾಲು ಹೊಳೆದಂಡೆಯವರೆಗೂ ನಡೆಯಲಿ, ನಿಮ್ಮ ತೋಟದ ಬಾಳೆ ಗೊನೆ ಹಾಕಲಿ. ಸಿಟ್ಟು ಇನ್ನೂ ಇದೆ. ಕಾಲಿಗೆ ಬಿದ್ದು ಹೇಳುತ್ತಿದ್ದೇನೆ, ಇನ್ನು ನನ್ನದನ್ನು ನನಗೆ ಬಿಡಿ.

ಈ ಸಲ ತನ್ನದೇ ಹೆಸರಿನಲ್ಲಿ,
ಕೊಟ್ರಬಸಮ್ಮ