ತಪ್ಪಿದ ದಿನದ ಮರುದಿನ

ಬ್ಯಾಡಗಿ
2214ನೇ ಇಸವಿ, ಹದಿಮೂರನೇ ತಿಂಗಳ ಆರನೇ ತಾರೀಖು, ಬೆಳಗಿನ ಏಳೂವರೆ

ಕಸ್ತೂರಿ ಅಜ್ಜಿಯವರಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ದ್ಯಾಮವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಹಂಚಿಕೊಂಡು ಬಹಳ ಕಾಲವಾಯಿತು. ನಿಮಗೆ ಗೊತ್ತಿಲ್ಲದ ಒಂದೆರಡು ಪದಗಳು ಈ ಕಾಗದದಲ್ಲಿ ಬರುತ್ತವೆ, ಕ್ಷಮಿಸಿ. ನಲವತ್ತಾರರ ನಾನು ಮೂವತ್ತೊಂಬತ್ತರ ನಿಮ್ಮನ್ನು ಅಜ್ಜಿ ಎನ್ನುವುದೂ ವಿಚಿತ್ರವೇ. ನಮ್ಮ ಕಡೆ ಅಜ್ಜಿಗೆ ಏಕವಚನವೇ ರೂಢಿ, ಆದರೆ ಮುಖ ನೋಡದವರನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇದು ಹಿನ್ನಂಚೆಯಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಸ್ವಂತ ರಕ್ತಸಂಬಂಧಿಗೆ ಮಾತ್ರ ಬರೆಯಬಹುದು, ಜೀವಮಾನಕ್ಕೆ ಒಂದೇ ಸಲ, ನಾಲ್ಕೇ ಹಾಳೆ. ನನ್ನ ಪಕ್ಕದ ಮನೆಯಾತ ತನ್ನ ಮುತ್ತಜ್ಜನಿಗೆ ಬಂಗಾರ ಎಲ್ಲಿ ಹೂತಿದ್ದೀರಿ ಎಂದು ಕೇಳಿ ಆ ಅವಕಾಶ ಕಳೆದುಕೊಂಡ. ನಾನು ನನ್ನದನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ, ಹತ್ತಕ್ಕೆ ನನ್ನನ್ನು ಪರೀಕ್ಷೆಗೆ ಕರೆಯುತ್ತಾರೆ. ಹಾಳೆಯನ್ನು ತೊಡೆಯ ಮೇಲಿಟ್ಟು ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಾದರೆ ನಗಬೇಡಿ.

ಎದುರಿನ ಕೋಣೆಯಲ್ಲಿ ನನ್ನ ತಮ್ಮ ಫಕ್ಕೀರೇಶ ಮಲಗಿದ್ದಾನೆ. ಅವನ ಲಿವರ್ ಕೈಕೊಟ್ಟಿದೆ. ಮುಂದಿನವರು ಅಂಗಾಂಗಗಳನ್ನು ಗಾಜಿನ ಪಾತ್ರೆಯಲ್ಲೇ ಬೆಳೆಸುತ್ತಾರೆಂದು ನಿಮ್ಮ ಕಾಲದವರು ನಂಬಿದ್ದರಂತೆ. ಕಿಡ್ನಿ ಬೆಳೆಸುತ್ತೇವೆ, ಲಿವರ್ ಇನ್ನೂ ಹಟ ಮಾಡುತ್ತಿದೆ. ಬದುಕಿರುವವರ ಲಿವರಿನಿಂದಲೇ ಒಂದು ತುಂಡು ಕತ್ತರಿಸಿ ಕೊಡಬೇಕು, ಮತ್ತು ಅವನಿಗೆ ಹೊಂದುವುದು ನನ್ನದೊಂದೇ. ಆದರೆ ಮೊದಲ ಸಲ ನೋಡಿದಾಗ ನನ್ನ ಲಿವರಿನಲ್ಲಿ ಕೊಬ್ಬು ಶೇಕಡಾ ಹದಿನೆಂಟಿತ್ತು. ಹತ್ತಕ್ಕಿಂತ ಕೆಳಗೆ ಇಳಿಸಿಕೊಂಡು ಬನ್ನಿ ಎಂದು ಡಾಕ್ಟರು ಎರಡು ತಿಂಗಳು ಕೊಟ್ಟರು. ಇವತ್ತು ಇಳಿದಿರದಿದ್ದರೆ ಕತ್ತರಿಸುವುದಿಲ್ಲ. ಇನ್ನೊಂದು ದಿನಾಂಕಕ್ಕಾಗಿ ಕಾಯುವ ಶಕ್ತಿ ಫಕ್ಕೀರೇಶನ ಮೈಯಲ್ಲಿ ಉಳಿದಿಲ್ಲ ಎಂದು ನನಗೆ ನೇರವಾಗಿಯೇ ಹೇಳಿದ್ದಾರೆ.

ನಿಮ್ಮನ್ನು ನಾನು ಬಲ್ಲೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ 2025ರ ನಿಮ್ಮ ಗೋಡೆ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಿಂದ ನಿಮ್ಮ ತೂಕ ಬರೆದಿದ್ದೀರಿ, ಅದರ ಕೆಳಗೆ 'ಊಟ 12ರಿಂದ 8' ಎಂದು. ಶಾಲೆಯ ಬಿಸಿಯೂಟದ ಅಕ್ಕಿ ಬಂದ ದಿನಗಳೂ ಇವೆ, ಅದರಿಂದ ನೀವು ಅಡುಗೆಯವರು ಎಂದು ತಿಳಿಯಿತು. ಬೆಳಿಗ್ಗೆ ಒಂಬತ್ತಕ್ಕೇ ಇನ್ನೂರು ಮಕ್ಕಳ ಸಾರು ಕುದಿಸುತ್ತಾ, ಹನ್ನೆರಡರವರೆಗೆ ಬಾಯಿಗೆ ಒಂದು ಹನಿ ಹಾಕದೆ ನಿಂತ ಹೆಂಗಸು! ಉಪ್ಪು ಯಾರಿಂದ ನೋಡಿಸುತ್ತಿದ್ದಿರೋ. ತೂಕ ಎಪ್ಪತ್ತೆಂಟೂವರೆಯಿಂದ ಎಪ್ಪತ್ತಾರಕ್ಕೆ ಬಂದು ಐದು ವಾರ ಅಲ್ಲೇ ಕೂತಿದೆ. ನವೆಂಬರ್ ಹದಿನೆಂಟಕ್ಕೆ 'ತಂಗಿ ಮದುವಿ' ಎಂದಿದೆ. ಹತ್ತೊಂಬತ್ತಕ್ಕೆ ಎಪ್ಪತ್ತೆಂಟು, ಅದರ ಕೆಳಗೆ ಒತ್ತಿ ಬರೆದ ಸಾಲು: 'ಇವತ್ತು ನಾಳೆ ಏನೂ ತಿನ್ನಂಗಿಲ್ಲ.' ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ ಒಂದು ಅಂಕಿಯೂ ಇಲ್ಲ. ಆಮೇಲೆ ಏನಾಯಿತೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈ ಕಾಗದ ಹತ್ತೊಂಬತ್ತರ ಬೆಳಿಗ್ಗೆಯೇ ನಿಮ್ಮ ಕೈ ಸೇರಬೇಕೆಂದು ಹಿನ್ನಂಚೆಯವರ ಹತ್ತಿರ ಬರೆಸಿದ್ದೇನೆ.

ನಮ್ಮ ಬದುಕನ್ನು ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ತಿಳಿಯುವುದಿಲ್ಲ. ಇಲ್ಲಿ ಮನೆಮನೆಗೆ ಒಲೆಯಿಲ್ಲ. ಓಣಿಗೊಂದು ಬಿಸಿಲೊಲೆ, ಸೂರ್ಯನ ಕಾವಿನಿಂದ ನಡೆಯುವಂಥದ್ದು. ಬೆಳಿಗ್ಗೆ ಹತ್ತಕ್ಕೆ ಹೊತ್ತುತ್ತದೆ, ಸಂಜೆ ಆರಕ್ಕೆ ಆರುತ್ತದೆ. ಅಡುಗೆಯನ್ನು ಮರುದಿನಕ್ಕೆ ಇಡುವಂತಿಲ್ಲ. ಹಾಗಾಗಿ ನೀವು ಹಲ್ಲು ಕಚ್ಚಿ ಮಾಡುತ್ತಿರುವ ಹದಿನಾರು ಗಂಟೆಯ ಉಪವಾಸ ನಮಗೆ ಊರಿನ ಕಾನೂನು. ಹಾಗಿದ್ದರೆ ಎಲ್ಲರೂ ಕಡ್ಡಿಯ ಹಾಗಿರಬೇಕಲ್ಲ ಎನ್ನುತ್ತೀರಿ. ಮುಚ್ಚೂಟ ಅಂತ ಒಂದಿದೆ, ಅದು ನಮ್ಮ ಹೊಟ್ಟೆ ಕಾಯುತ್ತದೆ. ಆರಕ್ಕೆ ಕಾಲು ಗಂಟೆ ಇರುವಾಗ ಗಂಟೆ ಬಾರಿಸುತ್ತಾರೆ, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಅಕ್ಕಪಕ್ಕದವರು ಒಬ್ಬರ ತಟ್ಟೆಗೆ ಒಬ್ಬರು ಸುರಿಯುತ್ತಾರೆ. ಬೇಡ ಎಂದರೆ ಸುರಿದವರಿಗೆ ಅವಮಾನ. ಇಪ್ಪತ್ತು ವರ್ಷ ಆ ಕಾಲು ಗಂಟೆಯಲ್ಲಿ ಎರಡು ಹೊತ್ತಿನ ಊಟ ಇಳಿಸಿ, ನಾನು ದಿನಾ ಉಪವಾಸವಿರುವವಳು ಎಂದು ಬೀಗಿದವಳು ನಾನು.

ದಾನಿಗೆ ಆಸ್ಪತ್ರೆಯವರು ಒಬ್ಬ ತೂಕಸಾಕ್ಷಿಯನ್ನು ಕೊಡುತ್ತಾರೆ. ಅವರು ವಾರಕ್ಕೊಮ್ಮೆ ನಮ್ಮನ್ನು ತೂಗುತ್ತಾರೆ, ಆದರೆ ಅಂಕಿಯನ್ನು ನಮಗೆ ಹೇಳದೆ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ದಿನಾ ಅಂಕಿ ನೋಡಿದವರು ಹೆದರಿ ಎಡವಟ್ಟು ಮಾಡಿಕೊಳ್ಳುತ್ತಾರೆಂದು ಈ ಪದ್ಧತಿ. ನನ್ನ ಸಾಕ್ಷಿ ಮಾಬೂಬಿ, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಆರು ವಾರ ನಾನು ಒಪ್ಪವಾಗಿ ನಡೆದುಕೊಂಡೆ. ಮುಚ್ಚೂಟ ಬಿಟ್ಟೆ, ಓಣಿಯವರ ಮುಖ ಊದಿಕೊಂಡರೂ ಬಿಟ್ಟೆ. ಆದರೆ ಮಾಬೂಬಿಯ ಮುಖದಲ್ಲಿ ಏನೂ ಕಾಣದೆ ನನಗೆ ತಲೆ ಕೆಟ್ಟಿತು. ನಾನು ಕೆಲಸ ಮಾಡುವುದು ಮೆಣಸಿನಕಾಯಿ ಅಂಗಳದಲ್ಲಿ. ನಮ್ಮ ಯಂತ್ರಗಳು ಮಾತಾಡುತ್ತವೆ, ಆದರೆ ಮೆಣಸಿನಕಾಯಿ ಮುರಿಯದಂತೆ ತೊಟ್ಟು ಬಿಡಿಸಲು ಅವಕ್ಕೆ ಇನ್ನೂ ಬರುವುದಿಲ್ಲ. ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ಚೀಲ ತೂಗುವ ಕಾಟಾದ ಮೇಲೆ ಹತ್ತಿ ನಿಂತೆ. ಶುರು ಮಾಡಿದ ದಿನಕ್ಕಿಂತ ಒಂದು ಕೇಜಿ ಎಂಟುನೂರು ಗ್ರಾಂ ಹೆಚ್ಚು ತೋರಿಸಿತು.

ಆ ಹೊತ್ತು ನನಗೆ ಕಂಡದ್ದು ಫಕ್ಕೀರೇಶನ ಹಳದಿ ಕಣ್ಣು ಮಾತ್ರ. ಅವನನ್ನು ನಾನೇ ಕೊಲ್ಲುತ್ತಿದ್ದೇನೆ ಅನಿಸಿತು. ಯಾರಿಗೂ ಹೇಳದೆ ನಾಲ್ಕು ದಿನ ಬರೀ ನೀರು ಕುಡಿದೆ. ಹೊಟ್ಟೆ ಸುಡುತ್ತಿದ್ದರೆ ಒಳಗೊಳಗೇ ಸಮಾಧಾನ, ತಕ್ಕ ಶಾಸ್ತಿಯಾಯಿತು ಎಂದು. ನಾಲ್ಕನೆಯ ದಿನ ಮೆಣಸಿನಕಾಯಿ ರಾಶಿಯ ಮೇಲೆಯೇ ಕಣ್ಣುಕತ್ತಲೆ ಬಂದು ಬಿದ್ದೆ. ರಕ್ತದಲ್ಲಿನ ಲವಣಗಳು ಏರುಪೇರಾಗಿದ್ದವು. ತಯಾರಿಯಲ್ಲಿ ಹೀಗೆ ಬಿದ್ದ ದಾನಿಯನ್ನು ಇಪ್ಪತ್ತೊಂದು ದಿನ ಮುಟ್ಟುವಂತಿಲ್ಲ ಎಂದು ನಿಯಮ. ಶಸ್ತ್ರಚಿಕಿತ್ಸೆ ಮುಂದೆ ಹೋಯಿತು. ಆ ಇಪ್ಪತ್ತೊಂದು ದಿನಗಳಲ್ಲಿ ತಮ್ಮನ ಹೊಟ್ಟೆಯಲ್ಲಿ ನೀರು ತುಂಬಿತು, ಎರಡು ಸಲ ತೆಗೆಸಿದರು. ಆ ದಿನಗಳನ್ನು ಅವನಿಂದ ಕಸಿದುಕೊಂಡದ್ದು ನನ್ನ ಹಟ, ಇದನ್ನು ಮುಚ್ಚಿಡುವುದಿಲ್ಲ.

ಮಾಬೂಬಿ ಆಸ್ಪತ್ರೆಯಲ್ಲಿ ನನ್ನ ಹಾಸಿಗೆಯ ಪಕ್ಕ ಬಂದು ಕೂತು ಬೈದಳು. "ಆ ಕಾಟಾ ಚೀಲ ತೂಗೂದವ್ವಾ, ನಿನ್ನ ಹಣೆಬರಹ ತೂಗೂದಲ್ಲ. ಹಿಂದಿನ ದಿನ ಉಪ್ಪಿನಕಾಯಿ ಎಷ್ಟು ತಿಂದಿದ್ದಿ? ಅದು ಮೈಯಾಗ ಹಿಡಿದ ನೀರು." ಆಮೇಲೆ ಸ್ವಲ್ಪ ಮೆತ್ತಗಾಗಿ, "ರಂಜಾನದಾಗ ನಾವು ರೋಜಾ ಉಪಾಸ ಹಿಡೀತೀವಿ, ಹೊತ್ತಾದ ಮ್ಯಾಲೆ ಬಿಡ್ತೀವಿ. ಬಿಡೂ ಹೊತ್ತಿಗೆ ಬಿಡೂದೂ ರೋಜಾದಾಗ ಸೇರೈತಿ. ನೀ ಹಿಡಿಯೂದಷ್ಟ ಕಲ್ತಿ," ಎಂದಳು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಫಕ್ಕೀರೇಶ ತನ್ನ ಕೋಣೆಯಿಂದ ನರ್ಸಿನ ಕೈಯಲ್ಲಿ ಹೇಳಿ ಕಳಿಸಿದ್ದು ಇನ್ನೊಂದು: "ಅಕಿ ಉಪಾಸ ಬಿದ್ದು ಸತ್ರ, ನನಗ ಯಾರ ಲಿವರ್ ಹಾಕ್ತಾರಂತ ಕೇಳ್ರಿ." ಅತ್ತವಳಿಗೆ ನಗು ಬಂತು.

ಅದಾದ ಹತ್ತು ದಿನಕ್ಕೆ ಮತ್ತೆ ಜಾರಿದೆ. ಎದುರು ಮನೆಯಲ್ಲಿ ಕೂಸಿನ ತೊಟ್ಟಿಲು ಕಾರ್ಯಕ್ರಮ, ತುಪ್ಪ ಹಚ್ಚಿದ ಹೋಳಿಗೆ. ಒಂದು ಸಾಕು ಎಂದು ಕೂತವಳು ಐದು ತಿಂದು ಎದ್ದೆ. ಬೆಳಿಗ್ಗೆ ಎದ್ದಾಗ ಅದೇ ಹಳೆಯ ದೆವ್ವ ಎದೆಯ ಮೇಲೆ ಕೂತಿತ್ತು: ಇವತ್ತು ಏನೂ ತಿನ್ನಬೇಡ, ಎರಡು ದಿನ ತಿನ್ನಬೇಡ. ಕಾಟಾ ಇರುವ ಕಡೆಯ ದಾರಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋದೆ. ಹತ್ತಕ್ಕೆ ಒಲೆ ಹೊತ್ತಿತು. ನಾನು ಬಿದ್ದಾಗಿನಿಂದ ದಿನಾ ಬರುತ್ತಿದ್ದ ಮಾಬೂಬಿ ತಟ್ಟೆ ತಂದು ಮುಂದಿಟ್ಟಳು, ಒಂದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ದಿನಾ ತಿನ್ನುವಷ್ಟೇ. ಅಜ್ಜಿ, ನಾಲ್ಕು ದಿನ ಬರೀ ನೀರು ಕುಡಿಯುವುದು ಅದಕ್ಕಿಂತ ಸುಲಭವಿತ್ತು. ತಪ್ಪು ಮಾಡಿದವಳು ಉಣ್ಣಬಾರದು ಎಂದು ಎರಡು ಸಲ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಒಂದೊಂದೇ ತುತ್ತು ಅಗಿದು ಅಗಿದು ನುಂಗಿದೆ. ಸಂಜೆ ಮುಚ್ಚೂಟದ ಗಂಟೆ ಬಾರಿಸಿದಾಗ ಮೊದಲಿನಂತೆಯೇ ಎದ್ದು ಹೊರಗೆ ನಡೆದೆ. ಮರುದಿನ ಸ್ವಲ್ಪ ಹಗುರವಾಯಿತು, ಅದರ ಮರುದಿನ ಮರೆತೇ ಹೋಯಿತು.

ಕರೆಯುತ್ತಿದ್ದಾರೆ. ಹೋಗಿ ಬರುತ್ತೇನೆ.

ಹನ್ನೊಂದೂ ಕಾಲು. ಶೇಕಡಾ ಒಂಬತ್ತು! ಡಾಕ್ಟರು ಎರಡು ಸಲ ನೋಡಿದರು, ನಾನು ಮೂರನೇ ಸಲ ನೋಡಿಸಿದೆ. ಆಮೇಲೆ ಮಾಬೂಬಿ ತನ್ನ ಚೀಟಿ ಬಿಚ್ಚಿ ತೋರಿಸಿದಳು. ಇಷ್ಟು ದಿನಗಳಲ್ಲಿ ಮೈತೂಕ ಇಳಿದಿರುವುದು ಬರೀ ಮೂರು ಕೇಜಿ, ಅದೂ ಹಾವು ಏಣಿ ಆಟದಂತೆ ಏರಿ ಇಳಿದು. ನಡುವೆ ಐದು ವಾರ, ನಿಮ್ಮದರ ಹಾಗೆಯೇ, ಅಲ್ಲಾಡದೆ ಕೂತಿದೆ. ಆ ಐದು ವಾರ ಒಳಗೆ ಲಿವರ್ ತನ್ನ ಕೊಬ್ಬನ್ನು ಕರಗಿಸುತ್ತಲೇ ಇತ್ತಂತೆ. ನಿಮ್ಮ ಮೈಯಲ್ಲೂ ಹಾಗೆಯೇ ಆಗಿದೆ ಎಂದು ಹೇಳಲು ನಾನು ಡಾಕ್ಟರಲ್ಲ. ಆದರೆ ಆ ಪೆನ್ಸಿಲಿನ ಅಂಕಿ ನಿಮ್ಮ ಬಗ್ಗೆ ಎಲ್ಲವನ್ನೂ ಹೇಳುತ್ತಿಲ್ಲ ಎಂಬುದನ್ನು ನಂಬಿ.

ಹನ್ನೆರಡಕ್ಕೆ ಇಬ್ಬರನ್ನೂ ಒಳಗೆ ಒಯ್ಯುತ್ತಾರೆ. ನನಗೆ ಭಯವಾಗುತ್ತಿದೆ, ಒಳಗೆ ಹೋದವರೆಲ್ಲ ಎದ್ದು ಬರುವುದಿಲ್ಲ. ಈಗಷ್ಟೇ ಅವನ ಗಾಲಿಮಂಚವನ್ನು ನನ್ನ ಬೆಂಚಿನ ಪಕ್ಕ ತಂದು ನಿಲ್ಲಿಸಿದ್ದಾರೆ. ಮಾತಾಡಲು ಉಸಿರು ಸಾಲದವನು ಕಣ್ಣು ತೆರೆದು ನನ್ನನ್ನೇ ನೋಡಿ, "ಉಂಡೇನಕ್ಕಾ?" ಎಂದ. ಆಪರೇಷನ್ನಿಗೆ ಖಾಲಿ ಹೊಟ್ಟೆ ಇರಬೇಕೆಂಬುದು ಅವನಿಗೆ ಮರೆತಿದೆ, ನಾನು ಬಿದ್ದ ದಿನ ಮಾತ್ರ ಮರೆತಿಲ್ಲ. "ಇವತ್ತೊಂದಿನ ಬ್ಯಾಡಂದಾರೋ. ಎದ್ದ ಮ್ಯಾಲೆ ಇಬ್ರೂ ಕೂಡೇ ಉಣ್ಣೋಣು," ಎಂದೆ. ನನ್ನ ಕೈ ಹಿಡಿದುಕೊಂಡಿದ್ದಾನೆ, ಇನ್ನೊಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಹಾಳೆ ಮುಗಿಯಿತು. ನಿಮ್ಮನ್ನು ಹೀಗೆ ಕೇಳಲು ಪಕ್ಕದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ನನಗೆ ತಿಳಿಯದು, ಅದಕ್ಕೇ ನಾನು ಕೇಳುತ್ತಿದ್ದೇನೆ. ಇವತ್ತು ಹನ್ನೆರಡಕ್ಕೆ, ಮಕ್ಕಳಿಗೆ ಬಡಿಸಿದ ಮೇಲೆ, ಒಂದು ತಟ್ಟೆ ತೆಗೆದುಕೊಂಡು ಕೂತು ಉಣ್ಣಿ ಅಜ್ಜಿ.

ನಿಮ್ಮ
ದ್ಯಾಮವ್ವ