ಕರಿಯಮ್ಮನ ಪಾದದ ಅಳತೆ

ಸಿರಾ
12-1-1983

ಅವ್ವಾ, ನಿನ್ನ ಮಗನ ನಮಸ್ಕಾರ.

ತೀರಿಕೊಂಡ ಅಣ್ಣ ಚಿತ್ತಣ್ಣ ಬದುಕಿದ್ದಾಗಿನಂತೆಯೇ ನಸುಕಿನಲ್ಲಿ ಕೆರೆ ಏರಿಯ ಮೇಲೆ ಓಡುವ ಸದ್ದು ಕೇಳಿಸುತ್ತದೆ, ಅವನಿಗೆಂದು ಬಾಗಿಲಲ್ಲಿ ನೀರು ಇಡುತ್ತೇನೆ ಎಂದು ತಂಗಿ ಕರಿಯಮ್ಮನ ಕೈಲಿ ಬರೆಸಿದ್ದೀಯೆ. ಮೇಷ್ಟ್ರ ಮುಂದೆಯೇ ಸುಳ್ಳು ಹೇಳಲಾರದೆ ಸ್ಕೂಲು ಬಿಟ್ಟವನು ನಾನು, ನಿನಗೆ ಹೇಗೆ ಸುಳ್ಳು ಹೇಳಲಿ?

ಓಡುವವಳು ಕರಿಯಮ್ಮ. ಸ್ಕೂಲಿನ ಪಂದ್ಯಕ್ಕೆಂದು ಶುರುಮಾಡಿದ್ದಾಳೆ. ಅಟ್ಟದ ಮೇಲಿದ್ದ ಚಿತ್ತಣ್ಣನ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಾಳೆ. ಆ ನೀರು ಕುಡಿಯುವವಳೂ ಅವಳೇ. ದೀಪಾವಳಿಗೆ ಬಂದಾಗ ಕಣ್ಣಾರೆ ಕಂಡೆ. "ಅವ್ವಂಗೆ ಹೇಳ್ಬ್ಯಾಡ ಕಣಣ್ಣೋ, ಚಿತ್ತಣ್ಣ ಬತ್ತಾನೆ ಅಂತ ನೆಮ್ದಿಯಾಗವ್ಳೆ" ಎಂದಳು.

ಅವಳಿಗೆ ಹೊಸ ಬೂಟು ಕೊಡಿಸೋಣವೆಂದು ಮೊನ್ನೆ ಅಂಗಡಿಗೆ ಹೋದೆ. "ಎಷ್ಟನೇ ನಂಬರು ಬೇಕು ಭಾಯ್?" ಎಂದು ಅಂಗಡಿಯವರು ಕೇಳಿದಾಗ ನನ್ನ ಬಾಯಿಂದ ಚಿತ್ತಣ್ಣನ ನಂಬರೇ ಬಂತು. ಅವರು ತೆಗೆದಿಟ್ಟ ಜೋಡಿಯನ್ನು ಮುಟ್ಟಲಾರದೆ ಬರಿಗೈಯಲ್ಲಿ ಬಂದುಬಿಟ್ಟೆ.

ಕರೀ, ಇದನ್ನು ಅವ್ವನಿಗೆ ಓದುತ್ತಿರುವವಳು ನೀನೇ ಎಂದು ಗೊತ್ತು. ಒಂದು ಸಾಲನ್ನೂ ಹಾರಿಸಬೇಡ.

ಅವ್ವಾ, ಅವಳನ್ನು ಬೈಯಬೇಡ. ಅವಳ ಪಾದವನ್ನು ಕಾಗದದ ಮೇಲಿಡಿಸಿ, ಸುತ್ತ ಇದ್ದಿಲಿನಿಂದ ಗೆರೆ ಎಳೆದು ಕಳಿಸು. ಗೆರೆಯನ್ನು ನೀನೇ ಎಳೆಯಬೇಕು.

ನಿನ್ನ
ಜುಂಜಣ್ಣ